ಉಪ್ಪು ಹಾಕುವ ಕೈ

ಜೀಪಿನ ಮುಂದಿನ ಸೀಟಿನಲ್ಲಿ ನಮ್ಮ ಮನೆಯವರನ್ನು ನಡುವೆ ಕೂರಿಸಬೇಕು, ಬಾಗಿಲ ಕಡೆ ಬೇಡ ಎಂದು ಡ್ರೈವರನಿಗೆ ಹಿಂದಿನ ದಿನವೇ ಹೇಳಿದ್ದೆ. ಬಾಗಿಲ ಕಡೆ ಕೂತರೆ ಗಾಡಿ ಓಡುತ್ತಿರುವಾಗಲೇ ಹಿಡಿ ತಿರುಗಿಸಿ ಇಳಿಯಲು ನೋಡುತ್ತಾರೆ. ಹಿಂದೆ ಪಾತ್ರೆಗಳ ಜೊತೆ ಕೂರಿಸಿದರೆ ನಾನು ಕಾಣದೆ ಗಾಬರಿಯಾಗುತ್ತಾರೆ. ಅದಕ್ಕೇ ಬಲಕ್ಕೆ ಡ್ರೈವರು, ಎಡಕ್ಕೆ ನಾನು, ನಡುವೆ ಅವರು, ಅವರ ಮಡಿಲಲ್ಲಿ ಉಪ್ಪಿನ ಡಬ್ಬಿ.

"ಗೇರು ಹಿಡಿದು ಎಳೆದ್ರೆ ಎಂತ ಮಾಡೋದು ಚೇಚಿ?" ಎಂದು ಡ್ರೈವರ್ ಕೇಳಿದ. ಅವನ ಮನೆಮಾತು ಮಲಯಾಳ, ನಮ್ಮ ಅಕ್ಕ, ಅಣ್ಣ ಇದ್ದ ಹಾಗೆ ನನ್ನನ್ನು ಚೇಚಿ, ಇವರನ್ನು ಚೇಟ್ಟ ಎನ್ನುತ್ತಾನೆ. ನಮ್ಮ ಜೊತೆ ಓಡಾಡಿ ಕನ್ನಡ ಕಲಿತವನು.

"ಎರಡು ಕೈಲೂ ಡಬ್ಬಿ ಹಿಡ್ಕಂಡವ್ರೆ. ಎಳೆಯೋಕೆ ಮೂರನೇ ಕೈ ಎಲ್ಲಿಂದ ಬತ್ತದೆ? ನೀನು ಸುಮ್ನೆ ಗಾಡಿ ಬಿಡಪ್ಪ," ಎಂದೆ.

ನಮ್ಮದು ಕಲ್ಯಾಣದ ಅಡುಗೆಯ ಕೆಲಸ. ಅವರು ಮುಖ್ಯ ಅಡುಗೆಯವರು, ನಾನು ಅವರ ಕೈಕೆಳಗೆ. ಕಾಟ್ಟಿಕುಳಂ ಹತ್ತಿರದ ನಮ್ಮ ಮನೆಯಿಂದ ಗಡಿಯ ಆಚೆ ಈಚೆ ಎಲ್ಲಿ ಕರೆದರೂ ಕೊಪ್ಪರಿಗೆ ಏರಿಸಿಕೊಂಡು ಹೋಗುತ್ತಿದ್ದೆವು. ಮಾನಂತವಾಡಿಯ ಡಾಕ್ಟರು ಇವರ ಮರೆವಿಗೆ ಅಲ್ಝೈಮರ್ಸ್ ಎಂದು ಹೆಸರು ಹೇಳಿದ ಮೇಲೆ ಒಂದು ಮಳೆಗಾಲ ಯಾವ ಕೆಲಸವನ್ನೂ ಒಪ್ಪಿಕೊಳ್ಳಲಿಲ್ಲ. ಮಳೆ ನಿಂತ ಮೇಲೆ ಪಕ್ಕದ ಊರಿನ ಒಂದು ನಾಮಕರಣಕ್ಕೆ ನಾನೊಬ್ಬಳೇ ಹೋದೆ, ಇವರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ. ಸಂಜೆ ಬಂದು ನೋಡಿದರೆ ಬಾಗಿಲು ಬಡಿದು ಬಡಿದು ಎರಡು ಕೈಯ ಗೆಣ್ಣುಗಳೂ ಊದಿಕೊಂಡಿದ್ದವು. ಆ ಕೈಗೆ ಎಣ್ಣೆ ಹಚ್ಚುತ್ತಾ ಅತ್ತುಬಿಟ್ಟೆ. ಇನ್ನು ಬೀಗ ಹಾಕುವುದಿಲ್ಲ ಎಂದು ಅಂದೇ ತೀರ್ಮಾನವಾಯಿತು. ಉಳಿದದ್ದು ಎರಡೇ ದಾರಿ: ಕೆಲಸ ಬಿಡುವುದು, ಇಲ್ಲವೇ ಇವರನ್ನೂ ಜೊತೆಗೆ ಕರೆದುಕೊಂಡು ಹೋಗುವುದು. ಕೆಲಸ ಬಿಟ್ಟರೆ ಒಲೆ ಹತ್ತುವುದಿಲ್ಲ.

ಅಷ್ಟರಲ್ಲಿ ನೂಲ್ಪುಳ ಕಡೆಯಿಂದ ಒಂದು ಕಲ್ಯಾಣಕ್ಕೆ ಕರೆ ಬಂತು. ಹುಡುಗಿ ನಮ್ಮ ಕಡೆಯವಳು, ಗಂಡಿನವರು ಗುಂಡ್ಲುಪೇಟೆಯವರು. ಹುಡುಗಿಯ ದೊಡ್ಡಪ್ಪ ಫೋನಿನಲ್ಲಿ, "ನಿಮ್ಮ ಯಜಮಾನ್ರ ಸಾಂಬಾರೇ ಆಗ್ಬೇಕು ಕಣಮ್ಮ," ಎಂದರು. ಆಗಲಿ ಎಂದೆ. ಕಾಯಿಲೆಯ ವಿಷಯ ನಾಲಿಗೆಯ ತುದಿಗೆ ಬಂದು ಒಳಕ್ಕೆ ಹೋಯಿತು. ಈ ಒಂದು ಕಲ್ಯಾಣ ಸುಸೂತ್ರವಾಗಿ ಮುಗಿದರೆ ಮುಂದಕ್ಕೂ ಇವರನ್ನು ಕರೆದುಕೊಂಡು ಓಡಾಡಬಹುದು. ಕೆಟ್ಟರೆ ಸುದ್ದಿ ಬತ್ತೇರಿಯಿಂದ ಬಾವಲಿವರೆಗೆ ಹರಡುತ್ತದೆ, ಯಾರೂ ಕರೆಯುವುದಿಲ್ಲ. ನನ್ನ ಲೆಕ್ಕ ಇಷ್ಟೇ ಇತ್ತು.

ಜೀಪು ಮಾನಂತವಾಡಿ ದಾಟುವಷ್ಟರಲ್ಲಿ ಪ್ರಶ್ನೆ ಶುರುವಾಯಿತು.

"ಎಲ್ಲಿಗೆ ಹೋಯ್ತಾ ಇದ್ದೀವಿ?"

"ಕಲ್ಯಾಣಕ್ಕೆ."

"ಯಾರ ಕಲ್ಯಾಣ?"

ಹೇಳಿದೆ. ತಲೆಯಾಡಿಸಿದರು. ಒಂದು ತಿರುವು ಕಳೆಯುತ್ತಲೇ ಮತ್ತೆ, "ಎಲ್ಲಿಗೆ ಹೋಯ್ತಾ ಇದ್ದೀವಿ?" ಪನಮರದ ಗದ್ದೆಗಳು ಕಾಣುವವರೆಗೆ ತಾಳ್ಮೆಯಿಂದಲೇ ಉತ್ತರ ಕೊಟ್ಟೆ. ಆಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಎಷ್ಟು ಸಲ ಹೇಳೋದು? ಬಾಯಿ ಮುಚ್ಕೊಂಡು ಕೂತ್ಕಳಿ!" ಎಂದು ಗದರಿಬಿಟ್ಟೆ. ಅವರು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದರು.

ಆಗ ಡ್ರೈವರ್ ಆ ಕೆಲಸ ತನ್ನ ತಲೆಗೆ ಹಾಕಿಕೊಂಡ. ಮುಂದಿನ ಸಲ ಇವರು ಕೇಳಿದಾಗ, "ನಿಮ್ಮ ಕಲ್ಯಾಣಕ್ಕೇ ಚೇಟ್ಟಾ!" ಎಂದ.

"ನಂದಾ? ಹುಡುಗಿ ಯಾರು?"

ಡ್ರೈವರ್ ಗದ್ದದಲ್ಲೇ ನನ್ನ ಕಡೆ ತೋರಿಸಿದ. ಇವರು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಯಮ್ಮನಾ? ವಯಸ್ಸಾಗೋಗದಲ್ಲ!" ಎಂದರು. ಹಿಂದೆ ಕೊಪ್ಪರಿಗೆಗಳ ನಡುವೆ ಕೂತಿದ್ದ ಒಲೆಯವಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಒಲೆಯವಳು ಎಂದರೆ ನಮ್ಮ ಜೊತೆ ಉರಿ ನೋಡಿಕೊಳ್ಳುವ ಹೆಂಗಸು, ಕಾಡಂಚಿನ ಹಾಡಿಯವಳು. ಇವರನ್ನು ಅಣ್ಣ ಎನ್ನುತ್ತಾಳೆ. ಇವರ ಕಾಯಿಲೆ ಅವಳಿಗೆ ಗೊತ್ತಿತ್ತು. ನಾನಾಗಿ ಹೇಳಿರಲಿಲ್ಲ, ಅವಳಾಗಿ ಕೇಳಿರಲೂ ಇಲ್ಲ.

ಬತ್ತೇರಿಗೆ ಮುಂಚೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಇವರನ್ನು ಕರೆದುಕೊಂಡು ಹೋಗುವವರಿಗೆ ದಾರಿಯಲ್ಲಿ ದೊಡ್ಡ ತೊಂದರೆ ಇದೇ. ಗಂಡಸರ ಕಡೆ ನಾನು ಒಳಗೆ ಹೋಗುವಂತಿಲ್ಲ, ಹೆಂಗಸರ ಕಡೆ ಅವರನ್ನು ಬಿಡುವುದಿಲ್ಲ. ಒಳಗೆ ಹೋದರೆ ಚಿಲಕ ಹಾಕಿಕೊಳ್ಳುತ್ತಾರೆ, ತೆಗೆಯುವುದು ಮರೆತುಹೋಗುತ್ತದೆ. ಡ್ರೈವರನನ್ನು ಜೊತೆಗೆ ಕಳಿಸಿ, "ಬಾಗಿಲ ಸಂದಿಗೆ ಕಾಲು ಕೊಟ್ಟು ನಿಂತ್ಕೊ, ಮುಖ ಆ ಕಡೆ ಮಾಡು," ಎಂದೆ. ಹಾಗೇ ಮಾಡಿದ. ಉಪ್ಪಿನ ಡಬ್ಬಿಯನ್ನು ಅಷ್ಟು ಹೊತ್ತು ನನ್ನ ಕೈಗೆ ಕೊಡುವಾಗ ಇವರು, "ಯಾರಿಗೂ ಕೊಡ್ಬ್ಯಾಡ," ಎಂದು ಎಚ್ಚರಿಸಿ ಹೋದರು. ಮುಚ್ಚಳದ ಸ್ಟೀಲ್ ಡಬ್ಬಿ, ಸೊಟ್ಟಗಾಗಿದೆ. ಅದು ಮಡಿಲಲ್ಲಿದ್ದರೆ ಅವರಿಗೆ ತಾನು ಎಲ್ಲಿದ್ದರೂ ಕೆಲಸಕ್ಕೆ ಬಂದಿದ್ದೇನೆ ಎಂಬ ಧೈರ್ಯ ಇರುತ್ತದೆ.

ಬತ್ತೇರಿಯ ಹೋಟೆಲಿನಲ್ಲಿ ಜೀವ ಬಾಯಿಗೆ ಬಂತು. ಕೈ ತೊಳೆಯಲು ನಾನು ಎದ್ದಿದ್ದೆ, ಡ್ರೈವರ್ ಫೋನಿನಲ್ಲಿದ್ದ, ತಿರುಗಿ ನೋಡಿದರೆ ಇವರ ಕುರ್ಚಿ ಖಾಲಿ. ಹೊರಗೆ ಓಡಿದೆ. ಬಸ್ಸುಗಳು, ಜನ, ಎಲ್ಲ ಬಿಳಿ ಪಂಚೆಗಳೂ ಇವರದೇ ಎನಿಸಿತು. ಒಲೆಯವಳು ಹಿಂದಿನಿಂದ, "ಅಕ್ಕಾ, ಒಳಗೆ ನೋಡು, ಒಳಗೆ," ಎಂದು ಕೂಗಿದಳು. ಇವರು ಹೋಟೆಲಿನ ಅಡುಗೆಮನೆಯಲ್ಲಿ ನಿಂತಿದ್ದರು. ಅಂಗೈಯಲ್ಲಿ ಒಂದಿಷ್ಟು ಸಾಂಬಾರು ಹಾಕಿಕೊಂಡು ನೆಕ್ಕಿ, "ಉಪ್ಪು ಸಾಲ್ದು," ಎಂದು ಅಡುಗೆಯವನಿಗೆ ಹೇಳುತ್ತಿದ್ದರು. ಅವನು ಸೌಟು ಎತ್ತಿ ಬೈಯಲು ಬಾಯಿ ತೆರೆದಿದ್ದ.

"ಬೇಜಾರು ಮಾಡ್ಕಬೇಡಿ," ಎಂದು ನಡುವೆ ಹೋಗಿ ನಿಂತೆ. "ಅವ್ರಿಗೆ ಸ್ವಲ್ಪ... ಸ್ವಲ್ಪ ಸುಸ್ತು. ಬಿಸಿಲು ನೋಡಿ."

ಬಿಸಿಲೇ ಇರಲಿಲ್ಲ. ಅವನು ತಾನೂ ಒಂದು ತೊಟ್ಟು ನೆಕ್ಕಿ ನೋಡಿ, ಒಂದು ಹಿಡಿ ಉಪ್ಪು ತೆಗೆದು ಹಾಕಿದ. ಇವರು ಸಮಾಧಾನವಾಗಿ ಬಂದು ಚಹಾ ಕುಡಿದರು.

ಮಧ್ಯಾಹ್ನ ಕಳೆದು ಕಲ್ಯಾಣದ ಮನೆ ಮುಟ್ಟಿದೆವು. ಅಂಗಳ ತುಂಬ ಚಪ್ಪರ, ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಒಲೆಗಳು. ಹೊಸ ಜಾಗ ಎಂದರೆ ಇವರಿಗೆ ಹೊತ್ತು ಇಳಿಯುವಾಗ ಕಷ್ಟ. "ನಡಿ ಅಮ್ಮಿ, ಮನೆಗೆ ಹೋಗವ," ಎಂದು ಎದ್ದು ನಿಲ್ಲುತ್ತಾರೆ. ಆಗ ಬೇಡ ಎನ್ನಬಾರದು. "ಹೋಗವ, ಈ ಈರುಳ್ಳಿ ಸುಲಿದು ಹೋಗವ," ಎಂದು ಸಣ್ಣೀರುಳ್ಳಿಯ ಮೊರ ಮುಂದಿಡಬೇಕು. ಸುಲಿಯುತ್ತಾ ಸುಲಿಯುತ್ತಾ ಮನೆ ಮರೆತುಹೋಗುತ್ತದೆ. ದೊಡ್ಡಪ್ಪ ಬಂದು ಮಾತಾಡಿಸಿದರು. ಇವರು ನಕ್ಕರಷ್ಟೇ.

"ಏನಮ್ಮ, ಯಜಮಾನ್ರು ಮಾತೇ ಆಡಲ್ಲ? ಮೊದಲು ಹಂಗಿರ್ಲಿಲ್ಲ."

"ಗಂಟಲು ಕಟ್ಕಂಡದೆ," ಎಂದೆ. ಬತ್ತೇರಿಯಲ್ಲಿ ಬಿಸಿಲು, ಇಲ್ಲಿ ಗಂಟಲು. ಸುಳ್ಳು ಹೇಳಲು ಶುರು ಮಾಡಿದರೆ ಅದಕ್ಕೂ ಕೈ ಪಳಗುತ್ತದೆ ನೋಡಿ.

ಅಂದು ಮಲಗುವಾಗ ನನ್ನ ಸೆರಗಿನ ತುದಿಯನ್ನು ಅವರ ಮುಂಗೈಗೆ ಸಡಿಲವಾಗಿ ಗಂಟು ಹಾಕಿಕೊಂಡೆ. ಅವರು ಎದ್ದರೆ ನನಗೆ ಎಚ್ಚರವಾಗಬೇಕು.

ಮಾರನೆಯ ಬೆಳಗ್ಗೆ ನಡೆದದ್ದು ತಿಳಿಯಬೇಕಾದರೆ ನಮ್ಮ ಅಡುಗೆಯ ಒಂದು ಕಟ್ಟಳೆ ಹೇಳಲೇಬೇಕು. ನಮ್ಮ ಕಡೆಯ ಕಲ್ಯಾಣಗಳಲ್ಲಿ ಮನೆದೇವರಿಗೂ ಹಿರಿಯರಿಗೂ ಮೊದಲ ಎಲೆ ಬಡಿಸುತ್ತಾರೆ, ಅದು ಎಡೆ. ಎಡೆ ಇಟ್ಟು ಕೈ ಮುಗಿಯುವವರೆಗೆ ಅಡುಗೆಯ ಒಂದು ಅಗುಳೂ ಯಾರ ಬಾಯಿಗೂ ಹೋಗಬಾರದು, ಅಡುಗೆಯವರ ಬಾಯಿಗಂತೂ ಹೋಗಲೇಬಾರದು. ರುಚಿ ನೋಡುವ ಹಾಗಿಲ್ಲದಿದ್ದರೆ ಉಪ್ಪು ಹೇಗೆ ಗೊತ್ತಾಗಬೇಕು? ಅದಕ್ಕೇ ಉಪ್ಪು ಹಾಕುವ ಕೈ ಒಂದೇ ಇರಬೇಕು. ಅದು ಮುಖ್ಯ ಅಡುಗೆಯವರ ಕೈ. ಕುದಿಯುವ ಆವಿಯ ವಾಸನೆ ಹಿಡಿದು, ಪಾತ್ರೆಯ ಮಟ್ಟ ನೋಡಿ ಹಾಕುತ್ತಾರೆ. ಬೇರೆ ಯಾರೂ ಉಪ್ಪು ಮುಟ್ಟುವುದಿಲ್ಲ. ಅವರ ಡಬ್ಬಿಯನ್ನಂತೂ ಯಾರೂ ಕೇಳುವುದೂ ಇಲ್ಲ. ಇವರ ಕೈಯ ಉಪ್ಪು ತಪ್ಪಿದ್ದನ್ನು ಒಳ್ಳೆಯ ದಿನಗಳಲ್ಲಿ ನಾನು ಕಂಡಿಲ್ಲ.

ಈಗ ಆ ಕೈಯನ್ನು ನಂಬುವುದು ಹೇಗೆ? ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಒಂದು ಪಾತ್ರೆಗೆ ಬೇಕಾದಷ್ಟೇ ಕಲ್ಲುಪ್ಪನ್ನು ನಾನೇ ಅಳೆದು ಡಬ್ಬಿಗೆ ತುಂಬಿ ಕೊಡುವುದು. ಪಕ್ಕದಲ್ಲಿ ನಿಂತು, "ಇದಕ್ಕೆ," ಎಂದು ಮೆಲ್ಲಗೆ ಹೇಳುವುದು. ಅವರು ಹಾಕಿದ ಮೇಲೆ ಮುಂದಿನ ಪಾತ್ರೆಗೆ ಮತ್ತೆ ತುಂಬುವುದು. ಡಬ್ಬಿಯಲ್ಲಿ ಇಲ್ಲದ್ದು ಪಾತ್ರೆಗೆ ಬೀಳುವುದಿಲ್ಲವಲ್ಲ. ಅವಿಯಲ್, ಓಲನ್, ಪಲ್ಯ, ಸಾರು, ಎಲ್ಲವೂ ಹೀಗೇ ಸಲೀಸಾಗಿ ಆಯಿತು. ಹೆಚ್ಚಲು ಬಂದಿದ್ದ ಮನೆಯ ಹೆಂಗಸರಿಗೆ ಇವರು ಹಳೆಯ ಯಜಮಾನರ ಹಾಗೆಯೇ ಕಂಡರು. ಒಬ್ಬಳು ನನ್ನ ಕಿವಿಯಲ್ಲಿ, "ಇಬ್ರೂ ಅಂಟ್ಕೊಂಡೇ ಇರ್ತೀರಲ್ಲಕ್ಕ, ಹೊಸ ಮದುವೆಯವ್ರ ಹಂಗೆ," ಎಂದು ಕೀಟಲೆ ಮಾಡಿದಳು. ನನಗೆ ಒಳಗೊಳಗೇ ಹಿಗ್ಗು.

ಕೊನೆಗೆ ಸಾಂಬಾರಿನ ದೊಡ್ಡ ಕೊಪ್ಪರಿಗೆ. ಬೇಳೆ, ಕುಂಬಳ, ನುಗ್ಗೆ ಬೆಂದಿತ್ತು, ಹುಣಸೆಹುಳಿ ಬಿದ್ದಿತ್ತು. ಡಬ್ಬಿ ತುಂಬಿ ಇವರ ಕೈಗೆ ಕೊಟ್ಟೆ. ಇನ್ನೇನು "ಇದಕ್ಕೆ" ಎನ್ನಬೇಕು, ಅಷ್ಟರಲ್ಲಿ ಗ್ರೈಂಡರ್ ನಿಂತುಹೋಯಿತು. ಹುರಿದ ಕಾಯಿಮಸಾಲೆ ಅರ್ಧ ಅರೆದು ಅದರೊಳಗೇ ಕೂತಿದೆ. ಕರೆಂಟೇ ಹೋಗಿತ್ತು. "ಇಲ್ಲೇ ಇರಿ," ಎಂದು ಇವರಿಗೆ ಹೇಳಿ ಓಡಿದೆ. ಡ್ರೈವರನನ್ನು ಎಬ್ಬಿಸಿ, ಚಪ್ಪರದ ದೀಪಕ್ಕೆ ತಂದಿದ್ದ ಜನರೇಟರಿನ ವೈರನ್ನು ಹಿಂದಕ್ಕೆ ಎಳೆಸಿ, ಮಸಾಲೆ ಅರೆಸಿಕೊಂಡು ಬರುವಷ್ಟರಲ್ಲಿ ಹೊತ್ತು ಚೆನ್ನಾಗೇ ಹೋಯಿತು. ಬಂದಾಗ ಇವರು ಮಣೆಯ ಮೇಲೆ ಕೂತಿದ್ದರು. ಡಬ್ಬಿ ಮಡಿಲಲ್ಲಿ, ಮುಚ್ಚಳ ಬಿಗಿಯಾಗಿ ಮುಚ್ಚಿದೆ, ಕಣ್ಣು ಎಲ್ಲೋ.

"ಉಪ್ಪು ಹಾಕಿದ್ರಾ?" ಎಂದು ಪಿಸುಗುಟ್ಟಿದೆ.

"ಯಾವುದ್ಕೆ?"

ಹಾಕಿಲ್ಲ ಎಂದುಕೊಂಡೆ. ಡಬ್ಬಿ ಕಿತ್ತುಕೊಂಡು ನೋಡಬಹುದಿತ್ತು. ಆದರೆ ಅಷ್ಟು ಹೆಂಗಸರ ಮುಂದೆ ಯಜಮಾನರ ಮಡಿಲಿನಿಂದ ಉಪ್ಪಿನ ಡಬ್ಬಿ ಕಿತ್ತರೆ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಮಸಾಲೆ ಸುರಿಯುವ ನೆಪದಲ್ಲಿ ಮೂಲೆಯ ಉಪ್ಪಿನ ಚೀಲಕ್ಕೆ ಕೈಹಾಕಿ, ಸೆರಗಿನ ಮರೆಯಲ್ಲಿ ತಂದು, ಅಳತೆಗೆ ತಕ್ಕಷ್ಟು ಹಾಕಿ ತಿರುವಿದೆ. ಯಾರೂ ನೋಡಲಿಲ್ಲ. ನನ್ನ ಗಂಡನ ಮಾನ ಉಳಿಸಿದೆ ಎಂದು ಬೀಗಿದೆ.

ಎಡೆ ಇಟ್ಟಾಯಿತು. ಮುಹೂರ್ತ ಮುಗಿಯಿತು, ಚಪ್ಪರದಲ್ಲಿ ಎಲೆ ಹಾಕುತ್ತಿದ್ದರು. ಕೈ ಮುಗಿದು ಬಂದ ದೊಡ್ಡಪ್ಪ, "ಯಜಮಾನ್ರೇ, ಇನ್ನು ರುಚಿ ನೋಡಬೌದು," ಎಂದರು. ಇವರು ಎದ್ದು ಸೌಟಿನಿಂದ ಅಂಗೈಗೆ ಸಾಂಬಾರು ಹಾಕಿಕೊಂಡು ನೆಕ್ಕಿದರು. ಮುಖ ಗಂಟಾಯಿತು. ಪಕ್ಕಕ್ಕೆ ಉಗುಳಿದರು.

"ಯಾರಿದಕ್ಕೆ ಉಪ್ಪು ಹಾಕ್ದೋರು?" ಗಂಟಲು ಕಟ್ಟಿದೆ ಎಂದಿದ್ದೆನಲ್ಲ, ಆ ಗಂಟಲು ಹಿತ್ತಲೆಲ್ಲ ಕೇಳಿಸಿತು.

ನಾನು ನೆಕ್ಕಿದೆ. ಅಯ್ಯೋ ದೇವರೇ, ಉಪ್ಪಿನ ನೀರು. ದೊಡ್ಡಪ್ಪನೂ ನೆಕ್ಕಿದರು. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಇವರನ್ನೇ ನೋಡುತ್ತಿದ್ದರು. ಉಪ್ಪು ಹಾಕುವ ಕೈ ಒಂದೇ ತಾನೇ. ಇನ್ಯಾರನ್ನು ನೋಡಬೇಕು?

ದೊಡ್ಡಪ್ಪ ಕೂಗಾಡಿದ್ದರೆ ನನಗೆ ಸುಲಭವಿತ್ತು, ನಾನೂ ಕೂಗುತ್ತಿದ್ದೆ. ಅವರು ದನಿ ತಗ್ಗಿಸಿದರು. "ಹೋಗ್ಲಿ ಬಿಡಿ, ಯಾರೂ ಅವ್ರನ್ನ ಬಯ್ಬ್ಯಾಡಿ. ಏನೋ ಮರೆವಿನ ಕಾಯಿಲೆ ಅಂತ ನಾನೂ ಕೇಳಿದ್ದೆ, ನಂಬಿರ್ಲಿಲ್ಲ. ಅಮ್ಮ, ಅವ್ರ ಕೈಗೆ ಉಪ್ಪು ಕೊಡ್ಬಾರದಾಗಿತ್ತು."

ಇವರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಏನೋ ತಪ್ಪಾಗಿದೆ, ಅದು ತನ್ನ ಮೇಲೆ ಬಂದಿದೆ ಎನ್ನುವಷ್ಟು ಅವರಿಗೆ ತಿಳಿಯುತ್ತದೆ. ಕೊನೆಗೆ ನನ್ನ ಕಡೆ ತಿರುಗಿ, ಶಾಲೆಯಲ್ಲಿ ಏಟು ತಿನ್ನಲು ನಿಂತ ಹುಡುಗನ ಹಾಗೆ, "ನಾನೇ ಹಾಕ್ದ್ನಾ ಅಮ್ಮಿ?" ಎಂದರು.

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಪಾಪ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ನನ್ನ ಕೈ ಸ್ವಚ್ಛ, ಮುಂದಿನ ಕೆಲಸಕ್ಕೆ ನನ್ನೊಬ್ಬಳನ್ನು ಕರೆಯುತ್ತಿದ್ದರು. ಇವರಿಗೋ, ಎಲೆ ಎತ್ತುವ ಹೊತ್ತಿಗೆ ಇದೆಲ್ಲ ಮರೆತೇ ಹೋಗಿರುತ್ತಿತ್ತು. ಆ ಯೋಚನೆ ನನಗೆ ಬಂತು, ಬರಲಿಲ್ಲ ಎಂದು ಹೇಳುವುದಿಲ್ಲ. ಆದರೆ ಅವರಿಗೆ ಮರೆತುಹೋಗುತ್ತದೆ ಎಂದು ಅವರ ತಲೆಗೆ ಕಟ್ಟುವುದೇ? ನನಗೆ ಮರೆಯುತ್ತದೆಯೇ? ಡಬ್ಬಿಯ ಮೇಲಿದ್ದ ಅವರ ಕೈ ಹಿಡಿದು ಮುಚ್ಚಳ ತೆಗೆದೆ. ಒಳಗೆ ತಳಕ್ಕೆ ಅಂಟಿದ್ದ ನಾಲ್ಕು ಹರಳು ಬಿಟ್ಟರೆ ಏನೂ ಇರಲಿಲ್ಲ. ನಾನು ಗ್ರೈಂಡರ್ ಕಡೆ ಓಡಿದಾಗ, ಯಾರೂ ಹೇಳಿಕೊಡದೆ, ಸರಿಯಾದ ಕೊಪ್ಪರಿಗೆಗೆ ಸರಿಯಾಗಿ ಉಪ್ಪು ಹಾಕಿ ಮುಚ್ಚಳ ಹಾಕಿ ಕೂತಿದ್ದಾರೆ ಮಹಾರಾಯರು. ಹಾಕಿದ್ದು ಮರೆತಿದ್ದರು, ಅಷ್ಟೇ.

"ಹಾಕಿದ್ರಿ," ಎಂದೆ. "ಸರಿಯಾಗೇ ಹಾಕಿದ್ರಿ. ಅದರ ಮೇಲೆ ಕದ್ದು ಇನ್ನೊಂದು ಸಲ ಹಾಕಿದ್ದು ನಾನು." ಎಲ್ಲರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಇವ್ರಿಗೆ ಮರೆವಿನ ಕಾಯಿಲೆ. ಅಲ್ಝೈಮರ್ಸ್ ಅಂತಾರೆ. ನಾನೇ ಮುಚ್ಚಿಟ್ಟಿದ್ದೆ, ಗಂಟಲು ಗಿಂಟಲು ಏನೂ ಕಟ್ಟಿಲ್ಲ. ಆದರೆ ಈ ತಪ್ಪು ಅವರದ್ದಲ್ಲ."

ಒಲೆಯ ಹತ್ತಿರ ಸೌದೆ ಎಳೆಯುತ್ತಿದ್ದ ಒಲೆಯವಳು ಎದ್ದು ನಿಂತಳು. ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಂಡು, "ಅಕ್ಕಾ," ಎಂದಳು, "ನಾನೂ ಹಾಕ್ದೆ."

"ಏನು?"

"ನೀ ಗ್ರೈಂಡರ್ ತಾವ ಹೋದೆ. ಅಣ್ಣ ಸುಮ್ಕೆ ಕೂತಿತ್ತು. ಮರ್ತೋಗದೆ, ಎಲ್ರೂ ಬಯ್ತಾರೆ ಅಂತ ನಾನೇ ಚೀಲದಿಂದ ಹಾಕ್ದೆ. ನೀ ಡಬ್ಬಿಗೆ ಅಳೆದು ತುಂಬ್ತಿದ್ಯಲ್ಲ, ಅಷ್ಟೇ ಹಾಕ್ದೆ ಅಕ್ಕ. ಅಣ್ಣ ಹಾಕಿದ್ದೂ ಕಾಣ್ಲಿಲ್ಲ, ನೀ ಹಾಕಿದ್ದೂ ಕಾಣ್ಲಿಲ್ಲ." ಹೇಳುತ್ತಾ ಹೇಳುತ್ತಾ ಅವಳು ಅತ್ತೇಬಿಟ್ಟಳು.

ನಮ್ಮ ಇಬ್ಬರ ಪ್ರೀತಿಗೆ ಬೆಂಕಿ ಬೀಳಲಿ, ಕಾಯಿಲೆಯವರು ಒಬ್ಬರೇ ಸರಿಯಾಗಿ ಕೆಲಸ ಮಾಡಿದ್ದರು. ಕೀಟಲೆ ಮಾಡಿದ್ದ ಹೆಂಗಸು ಬಾಯಿಗೆ ಸೆರಗು ಹಿಡಿದಳು. ಮೊದಲು ಅಳುವೇ ಎಂದುಕೊಂಡೆ, ನೋಡಿದರೆ ನಗು. ಆಮೇಲೆ ದೊಡ್ಡಪ್ಪನೂ ನಕ್ಕರು. ನಕ್ಕು, ಗಡಿಯಾರ ನೋಡಿ, ಮುಖ ಬಿಗಿದು, "ಈಗೇನಮ್ಮ ಗತಿ? ಬೀಗರು ಎಲೆ ಮುಂದೆ ಕೂರ್ತಾವ್ರೆ," ಎಂದರು.

ಆಗಲೇ ನನ್ನ ತಲೆ ಓಡಿದ್ದು. ಎಷ್ಟು ಉಪ್ಪು ಬಿದ್ದಿದೆ ಎಂದು ಗೊತ್ತಿಲ್ಲದಿದ್ದರೆ ಆ ಸಾಂಬಾರನ್ನು ಬಾಳೆಬುಡಕ್ಕೆ ಸುರಿಯುವುದೇ ಗತಿ. ಈಗ ಗೊತ್ತಾಯಿತಲ್ಲ: ಮೂರು ಕೈ, ಮೂರೂ ಒಂದೇ ಅಳತೆ. ಮೂರು ಕೊಪ್ಪರಿಗೆಯ ಉಪ್ಪು ಒಂದರಲ್ಲಿದೆ. ಹಾಗಾದರೆ ಒಂದನ್ನು ಮೂರು ಮಾಡಿದರಾಯಿತು.

"ಉರಿ ಜೋರು ಮಾಡು," ಎಂದೆ ಒಲೆಯವಳಿಗೆ. "ಅಳೋದು ಆಮೇಲೆ ಅಳುವಂತೆ."

ಕೊನೆಯ ಪಂತಿಗಳಿಗೆಂದು ಇನ್ನೊಂದು ಹಂಡೆಯಲ್ಲಿ ಬೇಳೆ ಮತ್ತು ತರಕಾರಿ ಉಪ್ಪಿಲ್ಲದೆ ಬೆಂದು ನಿಂತಿತ್ತು. ಅದಕ್ಕೆ ಉಪ್ಪಾದ ಸಾಂಬಾರಿನಲ್ಲಿ ಮೂರರಲ್ಲೊಂದು ಪಾಲು ಅಳೆದು ಸುರಿದೆವು, ಹುಳಿ ಮಸಾಲೆ ಬೆರೆಸಿ ಕುದಿಸಿದೆವು. ಮೊದಲ ಪಂತಿಗೆ ಅದು ಸಾಕು. ಉಳಿದ ಎರಡು ಪಾಲಿಗೆ ಬೇಳೆ ಬೇಕು. ದೊಡ್ಡಪ್ಪ ತಾವೇ ಅಕ್ಕಪಕ್ಕದ ಮನೆಗಳಿಗೆ ಹೋಗಿ, ಯಾವ ಮನೆಯಲ್ಲಿ ಎಷ್ಟು ಬೇಳೆ ಇದೆಯೋ ಅಷ್ಟೂ, ಕುಕ್ಕರುಗಳ ಸಮೇತ ತಂದರು. ಹಿತ್ತಲಿನ ಗೋಡೆಯ ಉದ್ದಕ್ಕೂ ಕುಕ್ಕರುಗಳು ಸೀಟಿ ಹೊಡೆಯತೊಡಗಿದವು. ಹೆಂಗಸರು ಕುಂಬಳಕಾಯಿಗೆ ಮತ್ತೆ ಕತ್ತಿ ಹಾಕಿದರು. ಹುಳಿಯ ಜೊತೆ ಒಂದಿಷ್ಟು ಬೆಲ್ಲವನ್ನೂ ಹಾಕಿದೆ, ನಾಲಿಗೆ ಸ್ವಲ್ಪ ದಾರಿ ತಪ್ಪಲಿ ಎಂದು. ಅತ್ತ ಡ್ರೈವರ್ ಫೋಟೋಗ್ರಾಫರನ ಹತ್ತಿರ ಹೋಗಿ, ಗಂಡಿನ ಕಡೆಯವರನ್ನೆಲ್ಲ ಇನ್ನೊಂದು ಸುತ್ತು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವಂತೆ ಮಾಡಿದ. ಗುಂಡ್ಲುಪೇಟೆಯವರು ಫೋಟೊ ಎಂದರೆ ಬೇಡ ಎನ್ನಲಿಲ್ಲ, ಪುಣ್ಯ.

ಇಷ್ಟೆಲ್ಲ ಗದ್ದಲದಲ್ಲಿ ಇವರು ಏನು ಮಾಡಿದರು ಎಂದರೆ, ಹೆದರಿದರು. ಜನ ಓಡಾಡುವುದು, ಕುಕ್ಕರ್ ಸೀಟಿ, ಅವರಿಗೆ ಆಗಲಿಲ್ಲ. ಗೋಡೆಗೆ ಒರಗಿ ಖಾಲಿ ಡಬ್ಬಿ ಹಿಡಿದು ನಿಂತಿದ್ದರು. ಅವರ ಹಳೆಯ ಕೈಚಳಕ ಎದ್ದು ಬಂದು ಅಡುಗೆ ಉಳಿಸಿತು ಎಂದು ಹೇಳಲು ನನಗೂ ಆಸೆ, ಹಾಗೇನೂ ಆಗಲಿಲ್ಲ. ಮೊದಲ ಪಂತಿಗೆ ಸಾಂಬಾರು ಹೊರಟ ಮೇಲೆ ನಾನು ಹೋಗಿ ಅವರ ಬೆನ್ನು ಸವರಿದೆ.

"ಮನೆಗೆ ಹೋಗವ ಅಮ್ಮಿ," ಎಂದರು.

"ಹೋಗವ. ಮಜ್ಜಿಗೆ ಒಂದು ಉಳಿದದೆ."

ಮಜ್ಜಿಗೆ ಹುಳಿಯಾಗಬಾರದೆಂದು ಕೊನೆಗೇ ಕಡೆಯುವುದು. ದೊಡ್ಡ ಹಂಡೆಯಲ್ಲಿ ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿ ಇಟ್ಟಿದ್ದೆವು. ಉಪ್ಪು ಬಿದ್ದಿರಲಿಲ್ಲ. ನಾನು ಚೀಲದ ಹತ್ತಿರ ಹೋದೆ. ಈ ಸಲ ನಾನೇ ಹಾಕಿಬಿಟ್ಟರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಅದೇ ಸರಿ ಎನ್ನುತ್ತಿದ್ದರು. ದೊಡ್ಡಪ್ಪ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ನಾನು ಅಳೆದು ಡಬ್ಬಿಗೆ ತುಂಬಿದೆ, ಸೆರಗಿನ ಮರೆಯಿಲ್ಲದೆ, ಎಲ್ಲರ ಎದುರಿಗೇ. ತುಂಬಿ ಇವರ ಕೈಗೆ ಕೊಟ್ಟೆ.

"ನೋಡಿ," ಎಂದೆ ಎಲ್ಲರಿಗೂ. ನನ್ನ ಬಾಯಿ ಮತ್ತೆ ನನ್ನದಾಗಿತ್ತು. "ಇವತ್ತಿಂದ ನನ್ನ ಅಡುಗೆಮನೇಲಿ ಕದ್ದು ಉಪ್ಪು ಹಾಕೋ ಹಂಗಿಲ್ಲ. ಹಾಕೋರು ಇವ್ರೇ. ಹಾಕಿದ ಮೇಲೆ ನಾನು ಕೂಗ್ತೀನಿ, ನೀವೆಲ್ಲ ಕೇಳಿಸ್ಕೊಂಡು ಜವಾಬು ಕೊಡಬೇಕು. ಇವ್ರು ಮರೆತ್ರೆ ನಾವಿಷ್ಟು ಜನಕ್ಕೆ ನೆನಪಿರ್ತದಲ್ಲ."

ಇವರು ಹಂಡೆಯ ಮೇಲೆ ಬಾಗಿ ವಾಸನೆ ಹಿಡಿದರು. ಡಬ್ಬಿ ತೆರೆದು ಹಿಡಿಹಿಡಿಯಾಗಿ ಹಾಕಿದರು. ಕೊನೆಗೆ ಸ್ವಲ್ಪ ಉಳಿಸಿಕೊಂಡು ಮುಚ್ಚಳ ಮುಚ್ಚಿದರು. ಎಡೆ ಆಗಿದ್ದರಿಂದ ನಾನು ರುಚಿ ನೋಡಿದೆ. ನಾನು ಅಳೆದದ್ದೇ ತುಸು ಹೆಚ್ಚಾಗಿತ್ತು, ಅವರು ನಿಲ್ಲಿಸಿದ್ದು ಸರಿಯಾಗಿತ್ತು.

"ಮಜ್ಜಿಗೆಗೆ ಉಪ್ಪು ಬಿತ್ತು!" ಎಂದು ಕೂಗಿದೆ.

"ಬಿತ್ತು!" ಎಂದರು ಹೆಂಗಸರು. ಒಲೆಯವಳ ದನಿ ಎಲ್ಲರಿಗಿಂತ ಗಟ್ಟಿ.

ದೊಡ್ಡಪ್ಪ ಒಂದು ಲೋಟ ಮಜ್ಜಿಗೆ ತರಿಸಿಕೊಂಡು ನಿಂತಲ್ಲೇ ಕುಡಿದರು. ಲೋಟ ಕೆಳಗಿಟ್ಟು, "ಧನುರ್ಮಾಸ ಕಳೀಲಿ, ನನ್ನ ಮಗನಿಗೂ ಒಂದು ಹೆಣ್ಣು ನೋಡಿವ್ನಿ," ಎಂದರು. "ಇಬ್ರೂ ಬನ್ನಿ. ಕೂಗೋಕೆ ನಾನೂ ನಿಂತ್ಕತೀನಿ."

ಕಣ್ಣು ಒರೆಸಿಕೊಂಡು ತಿರುಗಿದರೆ ಇವರು ಮಣೆಯಿಂದ ಎದ್ದಿದ್ದರು. ಡಬ್ಬಿಯ ಮುಚ್ಚಳ ತೆಗೆದು, ಉಳಿದಿದ್ದ ಉಪ್ಪನ್ನು ಹಿಡಿಯಲ್ಲಿ ತುಂಬಿಕೊಂಡು, ಮಜ್ಜಿಗೆಯ ಹಂಡೆಯ ಕಡೆ ಹೊರಟಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಹಿತ್ತಲಿಡೀ ಒಟ್ಟಿಗೆ ಕೂಗಿತು: "ಉಪ್ಪು ಬಿದ್ದದೆ ಅಣ್ಣಾ!"

ಅವರು ನಿಂತರು. ಮುಷ್ಟಿಯಲ್ಲಿದ್ದ ಉಪ್ಪು ನೋಡಿಕೊಂಡರು, ಹಂಡೆ ನೋಡಿದರು, ನಮ್ಮನ್ನೆಲ್ಲ ನೋಡಿದರು. ಹುಬ್ಬು ಗಂಟಿಕ್ಕಿತು, ನಮ್ಮ ಹಳೆಯ ಮುಖ್ಯ ಅಡುಗೆಯವರ ಗಂಟು.

"ಯಾರು ಹಾಕ್ದೋರು?"

"ನೀವೇ," ಎಂದೆ.

"ನಾನೇ ಹಾಕ್ದ್ನಾ?" ಮುಷ್ಟಿ ಬಿಚ್ಚಿ ಉಪ್ಪನ್ನು ಡಬ್ಬಿಗೆ ವಾಪಸ್ಸು ಸುರಿದು, ಮುಚ್ಚಳ ಒತ್ತಿದರು.

"ಹಂಗಾದ್ರೆ ಸರಿ ಇರ್ತದೆ ಬಿಡು."